ವಸ್ತು ಮತ್ತು ಮಮತೆ

ಕಾಳಿದಾಸನ 'ಅಭಿಜ್ಞಾನ ಶಾಕುಂತಲ' ನಾಟಕದಲ್ಲಿ ಒಬ್ಬ ಬಡ ಬೆಸ್ತನ ಪ್ರಸಂಗ ಬರುತ್ತದೆ. ಅವನು ಹಿಡಿದ ಮೀನಿನ ಹೊಟ್ಟೆಯಲ್ಲಿ ರತ್ನಖಚಿತವಾದ ಉಂಗುರವೊಂದು ದೊರೆಯುತ್ತದೆ. ಅದನ್ನು ಮಾರಲು ಹೊರಟ ಅವನನ್ನು ಕಾವಲುಗಾರರು ಕಳ್ಳನೆಂದು ಹಿಡಿದು ಕಟ್ಟುತ್ತಾರೆ. ಉಂಗುರದ ಮೇಲೆ ದೊರೆ ದುಷ್ಯಂತನ ಹೆಸರಿದ್ದುದೇ ಅದಕ್ಕೆ ಕಾರಣ. ನಗರ ರಕ್ಷಣೆಯ ಅಧಿಕಾರಿ ಉಂಗುರವನ್ನು ಅರಮನೆಗೆ ಕೊಂಡೊಯ್ದು, ಸ್ವಲ್ಪ ಹೊತ್ತಿನಲ್ಲಿಯೇ ಹಿಂತಿರುಗಿ, ಬೆಸ್ತನನ್ನು ಬಿಡಿಸುತ್ತಾನೆ. ಉಂಗುರದ ಬೆಲೆಗೆ ಸಮನಾದ ಹಣವನ್ನೂ ದೊರೆ ಕೊಡಿಸಿದ್ದಾನೆ. ಕಾವಲುಗಾರರಿಗೆ ಆಶ್ಚರ್ಯ. ಆ ರತ್ನ ಬಹಳ ಬೆಲೆಯುಳ್ಳದ್ದಾಗಿರಬೇಕೆಂದು ಅವರು ಊಹಿಸುತ್ತಾರೆ. ಅಧಿಕಾರಿಯ ಊಹೆಯೇ ಬೇರೆ. ಉಂಗುರವನ್ನು ಕಂಡೊಡನೆ ದೊರೆಗೆ ಯಾರೋ ಪ್ರಿಯರಾದವರ ನೆನಪು ಬಂದಂತಾಯಿತು. ಸ್ವಭಾವತಃ ಗಂಭೀರನಾದ ಆತನೂ ಕ್ಷಣಕಾಲ ಕಲಕಿಹೋದನು ಎಂದು ಅವನು ಕಂಡುದನ್ನು ಹೇಳುತ್ತಾನೆ.

ಉಂಗುರ ಒಂದೇ. ಬೆಸ್ತನಿಗೆ ಅದು ಹಲವು ದಿನಗಳ ಅನ್ನ. ಕಾವಲುಗಾರರಿಗೆ ಅದು ಕಳವಿನ ಕುರುಹು. ದುಷ್ಯಂತನಿಗೆ ಅದು ಶಕುಂತಲೆ. ತಕ್ಕಡಿಯಲ್ಲಿಟ್ಟರೆ ಅದರ ತೂಕ ಯಾರ ಕೈಯಲ್ಲಿಯೂ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಆದರೂ ಅದರ ಮೌಲ್ಯ ಕೈಯಿಂದ ಕೈಗೆ ಬದಲಾಯಿತು. ಹಾಗಾದರೆ ಆ ಮೌಲ್ಯ ಇದ್ದುದೆಲ್ಲಿ? ಚಿನ್ನದಲ್ಲಿಯೆ, ರತ್ನದಲ್ಲಿಯೆ ಅಥವಾ ನೋಡಿದವನ ಮನಸ್ಸಿನಲ್ಲಿಯೆ?

ವಸ್ತುಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ಬೆಲೆಯನ್ನು ಕಟ್ಟುವುದುಂಟು. ಒಂದು ಉಪಯೋಗದ ಬೆಲೆ; ಕೊಡಲಿ ಕಟ್ಟಿಗೆ ಕಡಿಯುತ್ತದೆ, ಕೊಡೆ ಮಳೆಯನ್ನು ತಡೆಯುತ್ತದೆ. ಇನ್ನೊಂದು ಮಾರುಕಟ್ಟೆಯ ಬೆಲೆ. ಕೊಡಲಿಗೆ ಇಷ್ಟು, ಕೊಡೆಗೆ ಇಷ್ಟು ಎಂದು ಅಂಗಡಿಯವನು ಹೇಳುತ್ತಾನೆ. ಇವೆರಡಕ್ಕೂ ಸಿಕ್ಕದ ಮೂರನೆಯ ಬೆಲೆಯೊಂದುಂಟು. ಅದು ಮಮತೆಯ ಬೆಲೆ. ತಂದೆ ಹಿಡಿಯುತ್ತಿದ್ದ ಕೊಡೆಯ ಬಟ್ಟೆ ಹರಿದಿದೆ, ಕಡ್ಡಿ ಮುರಿದಿದೆ. ಅದು ಮಳೆಯನ್ನೂ ತಡೆಯಲಾರದು, ಅದನ್ನು ಕೊಳ್ಳುವವರೂ ಇಲ್ಲ. ಆದರೂ ಅದು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಲೇ ಇರುತ್ತದೆ. ಹೊಸ ಕೊಡೆ ಬಂದರೂ ಆ ಮೊಳೆ ಅದಕ್ಕೆ ದೊರೆಯುವುದಿಲ್ಲ.

ಕನ್ನಡ ನಾಡಿನ ಮನೆಗಳಲ್ಲಿ ಇಂತಹ ವಸ್ತುಗಳಿಗೆ ಕೊರತೆಯಿಲ್ಲ. ಉತ್ತರ ಕರ್ನಾಟಕದ ಕೌದಿಯನ್ನೇ ತೆಗೆದುಕೊಳ್ಳಬಹುದು. ಉಟ್ಟು ಸವೆದ ಸೀರೆ, ಧೋತರ, ಮಕ್ಕಳ ಅಂಗಿ ಇವುಗಳನ್ನು ಎಸೆಯದೆ ಕೂಡಿಟ್ಟು, ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಒತ್ತೊತ್ತಾಗಿ ದಾರವೆಳೆದು ಹೊಲಿದ ಹೊದಿಕೆ ಅದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ತಮ್ಮ ಬಣ್ಣದ ಸೊಗಸಿಗೆ ಹೆಸರಾಗಿವೆ. ಹೊರಗಿನವರ ಕಣ್ಣಿಗೆ ಕೌದಿಯೆಂದರೆ ಚಿಂದಿಬಟ್ಟೆಗಳ ಜೋಡಣೆ. ಮನೆಯವರ ಕಣ್ಣಿಗೆ ಹಾಗಲ್ಲ. ಈ ಹಸಿರು ತುಂಡು ಅಜ್ಜಿಯ ಇಳಕಲ್ ಸೀರೆಯದು. ಈ ಬಿಳಿಯದು ಅಜ್ಜನ ಧೋತರದ್ದು. ಈ ಹೂವಿನ ಚೌಕ ಮದುವೆಯಾಗಿ ಹೋದ ಅಕ್ಕನ ಲಂಗದ್ದು. ಚಳಿಯ ರಾತ್ರಿಯಲ್ಲಿ ಮಗು ಅದನ್ನು ಹೊದ್ದು ಮಲಗಿದರೆ ಮನೆಯ ಮೂರು ತಲೆಮಾರು ಅದರ ಮೈಮೇಲೆ ಬೆಚ್ಚಗೆ ಹರಡಿಕೊಂಡಂತಾಗುತ್ತದೆ.

ಪಾತ್ರೆಗಳ ವಿಷಯವೂ ಹೀಗೆಯೇ. ಮದುವೆ, ಗೃಹಪ್ರವೇಶ ಮೊದಲಾದ ಸಮಾರಂಭಗಳಲ್ಲಿ ಉಡುಗೊರೆಯಾಗಿ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರನ್ನೂ ತಾರೀಖನ್ನೂ ಚುಕ್ಕೆಚುಕ್ಕೆಯಾಗಿ ಕೆತ್ತಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಗುಜರಿಯವನು ಹಳೆಯ ಹಿತ್ತಾಳೆಯ ಚೊಂಬನ್ನು ಕೊಳ್ಳುವಾಗ ಅದನ್ನು ತೂಗುತ್ತಾನೆ. ಕೆತ್ತಿದ ಅಕ್ಷರಗಳಿಗೆ ಅವನ ತಕ್ಕಡಿಯಲ್ಲಿ ತೂಕವಿಲ್ಲ. ಆದರೆ ಆ ಅಕ್ಷರಗಳನ್ನು ಬೆರಳಿನಿಂದ ಸವರಿ, 'ಇದು ನಮ್ಮ ಸೋದರಮಾವ ಕೊಟ್ಟಿದ್ದು' ಎನ್ನುವ ಗೃಹಿಣಿಗೆ ಚೊಂಬಿನ ತೂಕವೆಲ್ಲ ಆ ಅಕ್ಷರಗಳಲ್ಲಿಯೇ ಇರುತ್ತದೆ.

ವಸ್ತುವಿನ ಮೇಲಿನ ಈ ಮಮತೆ ಬುದ್ಧಿ ಬಲಿತ ಮೇಲೆ ಹುಟ್ಟುವುದಲ್ಲ. ತೀರ ಎಳೆಯ ವಯಸ್ಸಿನಲ್ಲಿಯೇ ಅದು ಮೊಳೆಯುತ್ತದೆ. ಕೆಲವು ಮಕ್ಕಳು ಒಂದು ಗೊತ್ತಾದ ಬಟ್ಟೆಯ ತುಂಡನ್ನೋ ಬೊಂಬೆಯನ್ನೋ ಅಪ್ಪಿಕೊಳ್ಳದೆ ಮಲಗುವುದಿಲ್ಲ. ಅದು ಕೊಳೆಯಾಗಿದೆಯೆಂದು ತಾಯಿ ಒಗೆದರೂ ಅಳು. ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ ಇದನ್ನು ಆಳವಾಗಿ ಪರಿಶೀಲಿಸಿದರು. ತಾಯಿಯ ಮಡಿಲಿನಿಂದ ಹೊರಜಗತ್ತಿಗೆ ಹೆಜ್ಜೆಯಿಡುವ ಮಗುವಿಗೆ ಆ ಬಟ್ಟೆಯ ತುಂಡು ನಡುವಣ ಸೇತುವೆಯಂತೆ ಒದಗುತ್ತದೆ ಎಂಬ ಅಭಿಪ್ರಾಯವನ್ನು ಅವರು 1951ರಲ್ಲಿ ಮಂಡಿಸಿದರು. ತಾಯಿ ಬಳಿಯಲ್ಲಿ ಇಲ್ಲದಾಗ ಅವಳ ಸಾನ್ನಿಧ್ಯದ ಒಂದಂಶವನ್ನು ಮಗು ಆ ವಸ್ತುವಿನಲ್ಲಿ ಕಂಡುಕೊಳ್ಳುತ್ತದೆ.

2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೂ ಸ್ವಾರಸ್ಯಕರವಾಗಿದೆ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನೋವಿಜ್ಞಾನಿಗಳು ಎಳೆಯ ಮಕ್ಕಳಿಗೆ ಒಂದು ಯಂತ್ರವನ್ನು ತೋರಿಸಿ, ಇದರೊಳಗೆ ಇಟ್ಟ ವಸ್ತುವಿಗೆ ತದ್ರೂಪವಾದ ಇನ್ನೊಂದು ವಸ್ತುವನ್ನು ಇದು ತಯಾರಿಸುತ್ತದೆಂದು ನಂಬಿಸಿದರು. ಅದು ಕೇವಲ ಕೈಚಳಕ. ಯಂತ್ರ ಏನನ್ನೂ ತಯಾರಿಸುತ್ತಿರಲಿಲ್ಲ. ಸಾಧಾರಣ ಆಟಿಕೆಯನ್ನು ಇಟ್ಟಾಗ ಮಕ್ಕಳು ಹೊಸದಾಗಿ ಬಂದ ನಕಲನ್ನೇ ಸಂತೋಷದಿಂದ ತೆಗೆದುಕೊಳ್ಳಲು ಸಿದ್ಧರಾದರು. ಆದರೆ ದಿನವೂ ಅಪ್ಪಿ ಮಲಗುವ ತಮ್ಮ ಬೊಂಬೆಯ ವಿಷಯ ಬಂದಾಗ ಅವರ ನಡತೆ ಬದಲಾಯಿತು. ಕೆಲವರು ಅದನ್ನು ಯಂತ್ರದೊಳಗೆ ಇಡಲು ಒಪ್ಪಲೇ ಇಲ್ಲ. ಒಪ್ಪಿದವರಲ್ಲಿ ಬಹುಮಂದಿ ಮೊದಲಿನದೇ ಬೇಕೆಂದು ಕೇಳಿದರು. ರೂಪ, ಬಣ್ಣ, ಗಾತ್ರ ಎಲ್ಲವೂ ಒಂದೇ ಆಗಿದ್ದರೂ ತನ್ನದಲ್ಲದ ಬೊಂಬೆ ಮಗುವಿಗೆ ತನ್ನ ಬೊಂಬೆಯಾಗಲಾರದು. ವಸ್ತುವಿಗೆ ಆಕಾರವಿರುವಂತೆಯೇ ಚರಿತ್ರೆಯೂ ಉಂಟು. ಆಕಾರವನ್ನು ನಕಲು ಮಾಡಬಹುದು, ಚರಿತ್ರೆಯನ್ನು ಮಾಡಲಾಗದು ಎಂಬ ಅರಿವು ಓದುಬರಹ ಬಾರದ ಮಗುವಿನಲ್ಲಿಯೂ ಇದೆ.

ಇದು ಮಕ್ಕಳ ಹಟವೆಂದು ತಳ್ಳಿಹಾಕುವಂತಿಲ್ಲ. ರವೀಂದ್ರನಾಥ ಠಾಕೂರರಿಗೆ 1913ರಲ್ಲಿ ದೊರೆತ ನೊಬೆಲ್ ಪದಕ ಶಾಂತಿನಿಕೇತನದ ವಸ್ತುಸಂಗ್ರಹಾಲಯದಲ್ಲಿತ್ತು. 2004ರ ಮಾರ್ಚಿಯಲ್ಲಿ ಅದು ಕಳವಾಯಿತು. ನೊಬೆಲ್ ಪ್ರತಿಷ್ಠಾನವು ಮುಂದೆ ಅದರ ಪ್ರತಿಕೃತಿಗಳನ್ನು, ಚಿನ್ನದಲ್ಲೊಂದು ಕಂಚಿನಲ್ಲೊಂದು, ಮಾಡಿಸಿ ಕೊಟ್ಟಿತು. ಪದಕವನ್ನು ಕೊಟ್ಟ ಸಂಸ್ಥೆಯೇ ಪ್ರತಿಕೃತಿಯನ್ನೂ ಕೊಟ್ಟಿತು. ಚಿನ್ನಕ್ಕೆ ಚಿನ್ನವೂ ಬಂದಿತು. ಆದರೂ ದೇಶದ ದುಃಖ ತೀರಲಿಲ್ಲ. ಕವಿಯ ಕೈ ಸೋಂಕಿದ ಪದಕ ಅದಾಗಿರಲಿಲ್ಲ. ಬೊಂಬೆಯನ್ನು ಬಿಡಲೊಪ್ಪದ ಮಗುವಿನ ಮನಸ್ಸೂ ಇಡೀ ನಾಡಿನ ಮನಸ್ಸೂ ಈ ವಿಷಯದಲ್ಲಿ ಒಂದೇ ಬಗೆಯವು.

ಒಡೆತನವೊಂದೇ ವಸ್ತುವಿನ ಬೆಲೆಯನ್ನು ಸ್ವಲ್ಪಮಟ್ಟಿಗೆ ಏರಿಸುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಅಮೆರಿಕದ ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಒಂದೊಂದು ಕಾಫಿ ಲೋಟವನ್ನು ಕೊಟ್ಟು, ಉಳಿದವರಿಗೆ ಮಾರುವಂತೆ ಹೇಳಿದ ಪ್ರಯೋಗವೊಂದರ ವಿವರ 1990ರಲ್ಲಿ ಪ್ರಕಟವಾಯಿತು. ಕೊಳ್ಳುವವರು ಕೊಡಲು ಸಿದ್ಧವಿದ್ದುದರ ಎರಡರಷ್ಟಕ್ಕೂ ಹೆಚ್ಚನ್ನು ಲೋಟ ಪಡೆದವರು ಕೇಳಿದರು. ಅದು ಅವರ ಕೈಗೆ ಬಂದು ಹೆಚ್ಚು ಹೊತ್ತೂ ಆಗಿರಲಿಲ್ಲ! ಕ್ಷಣಕಾಲದ ಒಡೆತನವೇ ಹೀಗೆ ಮಾಡಿದರೆ, ಜೀವಮಾನದ ಒಡನಾಟ ಏನು ಮಾಡಬಾರದು? ಒಬ್ಬ ಮನುಷ್ಯನ 'ನಾನು' ಎಂಬುದು ಅವನ ದೇಹಕ್ಕೆ ಮುಗಿಯುವುದಿಲ್ಲ. ಅವನ ಉಡುಪು, ಮನೆ, ಕೈಯಾರೆ ಮಾಡಿದ ಕೆಲಸ ಇವೆಲ್ಲವೂ ಆ 'ನಾನು' ಎಂಬುದರ ಭಾಗಗಳೇ ಎಂದು ವಿಲಿಯಂ ಜೇಮ್ಸ್ 1890ರ ತಮ್ಮ ಮನೋವಿಜ್ಞಾನದ ಗ್ರಂಥದಲ್ಲಿ ವಿವರಿಸಿದರು. ಪ್ರಿಯವಾದ ವಸ್ತು ಕಳೆದಾಗ ಹಣ ಕಳೆದದ್ದಕ್ಕಿಂತ ಬೇರೆಯಾದ ನೋವಾಗುವುದು ಇದರಿಂದಲೇ. ಅಲ್ಲಿ ಕಳೆಯುವುದು ತನ್ನದೇ ಒಂದು ತುಣುಕು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಆಸೆಯನ್ನು ತೊರೆಯಬೇಕು, ವಸ್ತುಗಳಿಗೆ ಅಂಟಿಕೊಳ್ಳಬಾರದು ಎಂದು ಹಿರಿಯರು ಸಾರಿದ್ದಾರೆ. ಅಪರಿಗ್ರಹ, ಎಂದರೆ ಅಗತ್ಯಕ್ಕೆ ಮೀರಿದ್ದನ್ನು ಇಟ್ಟುಕೊಳ್ಳದಿರುವುದು, ಜೈನ ಧರ್ಮದ ಐದು ವ್ರತಗಳಲ್ಲಿ ಒಂದು. ಹಾಗಿದ್ದಮೇಲೆ ಹಳೆಯ ಚೊಂಬಿಗಾಗಿ ಹಂಬಲಿಸುವುದು ದೌರ್ಬಲ್ಯವಲ್ಲವೆ?

ಈ ಸಂದೇಹಕ್ಕೆ ಮಹಾತ್ಮ ಗಾಂಧಿಯವರ ಬಾಳಿನಲ್ಲಿ ಉತ್ತರವಿದೆ. ಅವರು 1915ರಲ್ಲಿ ಅಹಮದಾಬಾದಿನ ಬಳಿ ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದಾಗ ಆಶ್ರಮವಾಸಿಗಳ ವ್ರತಗಳಲ್ಲಿ ಅಪರಿಗ್ರಹವೂ ಒಂದಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಆಗ ನಡೆದ ಒಂದು ಸಣ್ಣ ಘಟನೆಯನ್ನು ಕಾಕಾ ಕಾಲೇಲ್ಕರರು ಬರೆದಿಟ್ಟಿದ್ದಾರೆ. ಗಾಂಧೀಜಿ ಏನನ್ನೋ ಕಳೆದುಕೊಂಡು ಕಳವಳದಿಂದ ಹುಡುಕುತ್ತಿದ್ದರು. ವಿಚಾರಿಸಿದಾಗ ತಿಳಿಯಿತು, ಅದೊಂದು ಪೆನ್ಸಿಲ್ಲಿನ ತುಂಡು. ಕಾಲೇಲ್ಕರರು ತಮ್ಮ ಪೆನ್ಸಿಲ್ಲನ್ನು ತೆಗೆದು ಕೊಡಹೋದರು. ಗಾಂಧೀಜಿ ಒಪ್ಪಲಿಲ್ಲ, ಅವರಿಗೆ ಬೇಕಾದದ್ದು ಆ ತುಂಡೇ. ಮದರಾಸಿನಲ್ಲಿ ಜಿ. ಎ. ನಟೇಸನ್ ಅವರ ಪುಟ್ಟ ಮಗ ಅದನ್ನು ಪ್ರೀತಿಯಿಂದ ತಂದುಕೊಟ್ಟಿದ್ದನು. ಅಂತಹುದನ್ನು ಕಳೆದುಕೊಳ್ಳುವುದು ಹೇಗೆ ಎಂಬುದೇ ಅವರ ಕಳವಳ. ಕೊನೆಗೆ ಇಬ್ಬರೂ ಹುಡುಕಿದರು, ಪೆನ್ಸಿಲ್ಲು ಸಿಕ್ಕಿತು. ಅದು ಎರಡು ಅಂಗುಲದಷ್ಟೂ ಉದ್ದವಿರಲಿಲ್ಲ.

ಎಲ್ಲವನ್ನೂ ತೊರೆಯಲು ಹೊರಟವರು ಒಂದು ತುಂಡು ಪೆನ್ಸಿಲ್ಲನ್ನು ತೊರೆಯಲಾರದೆ ಹೋದರೆ? ಹಾಗೆ ಭಾವಿಸುವುದು ತಪ್ಪು. ಗಾಂಧೀಜಿ ಅಂಟಿಕೊಂಡದ್ದು ಮರ ಮತ್ತು ಸೀಸಕ್ಕಲ್ಲ. ಒಂದು ಮಗು ತನ್ನ ಮೇಲಿಟ್ಟ ಪ್ರೀತಿಗೆ. ಮಗುವಿನ ಪ್ರೀತಿಯನ್ನು ಸ್ವೀಕರಿಸಿದ ಮೇಲೆ ಅದರ ಕುರುಹನ್ನು ಅಜಾಗರೂಕತೆಯಿಂದ ಕಳೆಯುವುದು ಆ ಮಗುವಿಗೆ ತೋರುವ ಅನಾದರವಾಗುತ್ತಿತ್ತು. ಪರಿಗ್ರಹವೆಂದರೆ ವಸ್ತುವಿಗಾಗಿ ವಸ್ತುವನ್ನು ಕೂಡಿಡುವುದು. ಮಮತೆಯೆಂದರೆ ಮನುಷ್ಯನಿಗಾಗಿ ವಸ್ತುವನ್ನು ಕಾಪಾಡುವುದು. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಂಡರೂ ಅವುಗಳ ಬೇರು ಬೇರೆ ಬೇರೆ.

ಗಾಂಧೀಜಿಯವರ ಕೈಯಿಂದ ಬೇರೊಬ್ಬರಿಗೆ ಹೋದ ಒಂದು ವಸ್ತುವಿನ ಕಥೆಯೂ ಇದನ್ನೇ ಹೇಳುತ್ತದೆ. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿದ್ದಾಗ ಅವರು ಚಪ್ಪಲಿ ಹೊಲಿಯುವುದನ್ನು ಕಲಿತಿದ್ದರು. ಸತ್ಯಾಗ್ರಹ ಮಾಡಿ ಸೆರೆಮನೆಗೆ ಹೋದಾಗ ಅಲ್ಲಿ ಒಂದು ಜೊತೆ ಚಪ್ಪಲಿಗಳನ್ನು ಹೊಲಿದು, 1914ರಲ್ಲಿ ಆ ದೇಶವನ್ನು ಬಿಡುವಾಗ ಅವನ್ನು ಜನರಲ್ ಸ್ಮಟ್ಸ್‌ರಿಗೆ ಉಡುಗೊರೆಯಾಗಿ ಕಳುಹಿಸಿದರು. ಸ್ಮಟ್ಸ್ ಯಾರು? ಗಾಂಧೀಜಿಯವರನ್ನು ಸೆರೆಗೆ ಕಳುಹಿಸಿದ ಸರ್ಕಾರದ ಮುಖ್ಯಸ್ಥರಲ್ಲಿ ಒಬ್ಬರು. ಅವರು ಆ ಚಪ್ಪಲಿಗಳನ್ನು ಹಲವು ಬೇಸಗೆಗಳಲ್ಲಿ ಮೆಟ್ಟಿದರು. 1939ರಲ್ಲಿ ಗಾಂಧೀಜಿಯವರ 70ನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ ಅವನ್ನು ಹಿಂತಿರುಗಿಸಿದರು. ಅಷ್ಟು ದೊಡ್ಡವರ ಚಪ್ಪಲಿಗಳಲ್ಲಿ ಕಾಲಿಡಲು ತಾವು ಯೋಗ್ಯರಲ್ಲವೆಂಬ ಭಾವನೆಯನ್ನು ಅವರು ಬರಹದಲ್ಲಿಯೂ ತೋಡಿಕೊಂಡರು. ತೊಗಲಿನ ಎರಡು ತುಂಡುಗಳು ಇಪ್ಪತ್ತೈದು ವರ್ಷಗಳ ಕಾಲ ಇಬ್ಬರು ಎದುರಾಳಿಗಳ ನಡುವೆ ಮಾತಿಲ್ಲದೆ ಸಂಧಾನ ನಡೆಸಿದವು. ರಾಮನ ಪಾದುಕೆಗಳನ್ನು ಹೊತ್ತು ತಂದು, ಅವುಗಳ ಹೆಸರಿನಲ್ಲಿ ಹದಿನಾಲ್ಕು ವರ್ಷ ರಾಜ್ಯವಾಳಿದ ಭರತನ ಕಥೆಯನ್ನು ಬಲ್ಲ ನಾಡಿಗೆ ಇದು ಅಪರಿಚಿತವಾದ ಭಾವವಲ್ಲ.

2009ರ ಮಾರ್ಚಿಯಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಗಡಿಯಾರ, ಬಟ್ಟಲು ಮತ್ತು ತಟ್ಟೆಗಳು ನ್ಯೂಯಾರ್ಕ್ ನಗರದಲ್ಲಿ ಹರಾಜಿಗೆ ಬಂದಾಗ ಕರ್ನಾಟಕದ ಉದ್ಯಮಿಯೊಬ್ಬರು ಅವುಗಳನ್ನು 18 ಲಕ್ಷ ಡಾಲರುಗಳಿಗೆ ಕೊಂಡರು. ಹರಾಜಿನಲ್ಲಿ ಮಮತೆಗೂ ಒಂದು ಬೆಲೆ ಬರುವುದುಂಟು. ಆದರೆ ಅದು ಒಡೆಯ ಪ್ರಸಿದ್ಧನಾಗಿದ್ದರೆ ಮಾತ್ರ. ಸಾಮಾನ್ಯರ ಮನೆಯ ವಸ್ತುವಿಗೆ ಹರಾಜು ಕೂಗುವವರಿಲ್ಲ. ಆದುದರಿಂದ ಅದರ ಮಮತೆ ಕಡಿಮೆಯೆಂದು ಹೇಳಬಹುದೆ?

ಪಂಜಾಬಿನ ಅಮೃತಸರದಲ್ಲಿ 2017ರಲ್ಲಿ ತೆರೆದ ವಿಭಜನೆಯ ವಸ್ತುಸಂಗ್ರಹಾಲಯವು ಇಂತಹ ಸಾಮಾನ್ಯರ ವಸ್ತುಗಳಿಗೆಂದೇ ಮೀಸಲಾಗಿದೆ. 1947ರಲ್ಲಿ ದೇಶ ಇಬ್ಭಾಗವಾದಾಗ ಒಂದು ಕೋಟಿಗೂ ಹೆಚ್ಚು ಜನ ಮನೆಮಠಗಳನ್ನು ಬಿಟ್ಟು ಗಡಿ ದಾಟಬೇಕಾಯಿತು. ಪ್ರಾಣ ಉಳಿದರೆ ಸಾಕೆಂದು ಓಡುವ ಹೊತ್ತಿನಲ್ಲಿ ಕೈಗೆ ಸಿಕ್ಕಷ್ಟೇ ಸಾಮಾನು. ಆ ಸಂಗ್ರಹಾಲಯದಲ್ಲಿ ಒಂದು ಚರ್ಮದ ಕೈಪೆಟ್ಟಿಗೆಯೂ ಕಸೂತಿ ಹಾಕಿದ ಒಂದು ಫುಲ್ಕಾರಿ ಮೇಲಂಗಿಯೂ ಇವೆ. ಪೆಟ್ಟಿಗೆ ಒಬ್ಬ ತರುಣನದು. ಅಂಗಿ ಒಬ್ಬ ತರುಣಿಯದು. ಗಲಭೆಗೆ ಮುನ್ನ ಇಬ್ಬರಿಗೂ ಮದುವೆ ನಿಶ್ಚಯವಾಗಿತ್ತು. ಆಮೇಲೆ ಒಬ್ಬರು ಬದುಕಿರುವುದು ಇನ್ನೊಬ್ಬರಿಗೆ ತಿಳಿಯದಂತೆ ಬೇರೆ ಬೇರೆಯಾಗಿ ಗಡಿ ದಾಟಿದರು. ಅಮೃತಸರದ ನಿರಾಶ್ರಿತರ ಶಿಬಿರದಲ್ಲಿ, ಅನ್ನಕ್ಕಾಗಿ ನಿಂತ ಸಾಲಿನಲ್ಲಿ, ಮತ್ತೆ ಒಬ್ಬರನ್ನೊಬ್ಬರು ಕಂಡರು; ಮುಂದೆ ಮದುವೆಯಾದರು. ಆ ಪೆಟ್ಟಿಗೆಯೂ ಅಂಗಿಯೂ ಈಗ ಒಂದೇ ಸೂರಿನ ಅಡಿಯಲ್ಲಿವೆ. ಈ ಕಥೆಯನ್ನು ಅರಿಯದೆ ನೋಡಿದವನಿಗೆ ಅಲ್ಲಿ ಕಾಣುವುದು ಒಂದು ಹಳೆಯ ಪೆಟ್ಟಿಗೆ, ಒಂದು ಹಳೆಯ ಅಂಗಿ.

ಹಣದಿಂದ ತುಂಬಿಕೊಡಲಾಗದ ನಷ್ಟವೂ ಉಂಟೆಂಬುದನ್ನು ಭಾವನೆಗಳಿಗೆ ಎಡೆಕೊಡದ ಕಾನೂನು ಸಹ ಒಪ್ಪಿದೆ. ಒಬ್ಬನ ವಸ್ತು ಅನ್ಯಾಯವಾಗಿ ಇನ್ನೊಬ್ಬನ ಕೈ ಸೇರಿದಾಗ ಸಾಮಾನ್ಯವಾಗಿ ಪರಿಹಾರ ಕೊಡಿಸುವುದು ವಾಡಿಕೆ. ಆದರೆ ಹಣದ ಪರಿಹಾರ ಸಾಲದೆ ಹೋಗುವಂತಿದ್ದರೆ, ಕೆಲವು ಸಂದರ್ಭಗಳಲ್ಲಿ ಆ ವಸ್ತುವನ್ನೇ ಮರಳಿ ಕೊಡುವಂತೆ ನ್ಯಾಯಾಲಯ ಆಜ್ಞಾಪಿಸಬಹುದೆಂದು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ ಹೇಳುತ್ತದೆ. ಅದಕ್ಕಿಂತ ಹಿಂದಿನ 1877ರ ಕಾಯಿದೆಯಲ್ಲಿ ಇದಕ್ಕೆ ಕೊಟ್ಟಿದ್ದ ಉದಾಹರಣೆಗಳಲ್ಲಿ ಒಂದು ಮನೆತನದ ದೇವರ ವಿಗ್ರಹ. ಮನೆದೇವರ ಬದಲು ಅಷ್ಟೇ ತೂಕದ ಬೆಳ್ಳಿಯನ್ನು ತೆಗೆದುಕೊಳ್ಳೆಂದು ಯಾವ ನ್ಯಾಯಾಧೀಶರೂ ಹೇಳಲಾರರು.

ಇಷ್ಟಾದರೂ ಮಮತೆಗೆ ಮಿತಿ ಬೇಕು. ಎಲ್ಲವೂ ಬೇಕೆಂದು ಏನನ್ನೂ ಬಿಡದೆ ಮನೆಯ ತುಂಬ ಗುಡ್ಡೆಹಾಕಿಕೊಂಡು, ಕಾಲಿಡಲು ಜಾಗವಿಲ್ಲದಂತೆ ಮಾಡಿಕೊಳ್ಳುವವರಿದ್ದಾರೆ. ವಿಪರೀತಕ್ಕೆ ಹೋದ ಇಂತಹ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರತ್ಯೇಕವಾದ ಒಂದು ಮಾನಸಿಕ ಕಾಯಿಲೆಯಾಗಿ ಗುರುತಿಸಿತು. ಇನ್ನೊಂದು ಬಗೆಯ ಅತಿರೇಕ ಮನೆ ಪಾಲಾಗುವಾಗ ಕಾಣಿಸಿಕೊಳ್ಳುತ್ತದೆ. ಹೊಲವನ್ನು ಹಂಚಿಕೊಂಡ ಅಣ್ಣತಮ್ಮಂದಿರು ತಾಯಿಯ ಒಂದು ಅಡಕೆಕತ್ತರಿಗಾಗಿ ಮಾತು ಬಿಡುವುದುಂಟು. ಹೊಲವನ್ನು ಅಳೆಯಬಹುದು, ತಾಯಿಯನ್ನು ಅಳೆಯುವುದು ಹೇಗೆ? ಆದರೆ ಅವಳ ನೆನಪಿಗಾಗಿ ಇಟ್ಟ ವಸ್ತು ಅವಳ ಮಕ್ಕಳನ್ನೇ ಅಗಲಿಸಿದರೆ ಅದರ ಮೌಲ್ಯ ಅಲ್ಲಿಗೆ ನಾಶವಾದಂತೆಯೇ. ಮನುಷ್ಯರ ಸಂಬಂಧದಿಂದ ಬೆಲೆ ಪಡೆದ ವಸ್ತು ಆ ಸಂಬಂಧವನ್ನು ಮುರಿದು ಉಳಿಯಲಾರದು.

ಹಾಗಾದರೆ ಮಮತೆಯ ವಸ್ತುಗಳನ್ನು ಉಳಿಸಿಕೊಳ್ಳುವ ಬಗೆ ಯಾವುದು? ಬೀಗ ಹಾಕಿದ ಪೆಟ್ಟಿಗೆ ಅವುಗಳನ್ನು ಕಳ್ಳರಿಂದ ಕಾಪಾಡೀತು, ಮರೆವಿನಿಂದ ಕಾಪಾಡಲಾರದು. ದುಷ್ಯಂತನ ಉಂಗುರದ ಅರ್ಥವನ್ನು ಬಲ್ಲವರು ಒಬ್ಬರೂ ಇಲ್ಲದಿದ್ದರೆ ಅದು ಬರಿಯ ಬಂಗಾರವಾಗಿಬಿಡುತ್ತಿತ್ತು. ಪೆನ್ಸಿಲ್ಲಿನ ತುಂಡಿನ ಬೆಲೆ ಇಂದಿಗೂ ತಿಳಿದಿರುವುದು ಒಬ್ಬರು ಅದರ ಕಥೆಯನ್ನು ಬರೆದಿಟ್ಟುದರಿಂದ. ಅಮೃತಸರದ ಪೆಟ್ಟಿಗೆ ಮಾತನಾಡುವುದು ಅದರ ಕಥೆಯನ್ನು ಯಾರೋ ಕೇಳಿ ತಿಳಿದುಕೊಂಡುದರಿಂದ. ವಸ್ತುವಿನ ಮೌಲ್ಯ ಅದರ ಕಥೆಯಲ್ಲಿದೆ. ಕಥೆ ಹೇಳುವವರ ಬಾಯಲ್ಲಿ, ಕೇಳುವವರ ಕಿವಿಯಲ್ಲಿ ಇದೆ. ಹೇಳುವವರು ಹೇಳದೆ ಹೋದರೆ, ಕೇಳಬೇಕಾದವರು ಕೇಳದೆ ಹೋದರೆ, ವಸ್ತು ಉಳಿದರೂ ಅನಾಥವಾಗುತ್ತದೆ. ಗುಜರಿ ಅಂಗಡಿಯ ರಾಶಿಯಲ್ಲಿ ಹೆಸರು ಕೆತ್ತಿದ ಪಾತ್ರೆಗಳು ಎಷ್ಟೋ ಬಿದ್ದಿರುತ್ತವೆ. ಅಕ್ಷರಗಳು ಅಳಿಸಿರುವುದಿಲ್ಲ; ಅವುಗಳನ್ನು ಓದಿ ಯಾರೆಂದು ಬಲ್ಲವರು ಅಳಿದಿರುತ್ತಾರೆ.

ಆದುದರಿಂದ ಎಳೆಯರ ಪಾಲಿಗೆ ಇಲ್ಲೊಂದು ಕರ್ತವ್ಯವಿದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಮಾಸಿದ ಬಟ್ಟೆಯೊಂದು ಮಡಿಸಿಟ್ಟಿರಬಹುದು. ಅಜ್ಜನ ಗೂಡಿನಲ್ಲಿ ನಿಂತುಹೋದ ಗಡಿಯಾರವೊಂದು ಇರಬಹುದು. ನೆರೆಮನೆಯ ಮುದುಕರು ತುಕ್ಕು ಹಿಡಿದ ಸೈಕಲ್ಲನ್ನು ಮಾರಲೊಪ್ಪದೆ ಇಟ್ಟುಕೊಂಡಿರಬಹುದು. ಅಂತಹುದನ್ನು ಕಂಡಾಗ 'ಇದು ಏತಕ್ಕೆ ಬಂತು?' ಎಂದು ನಗುವುದು ಸುಲಭ. 'ಇದು ಯಾರದು?' ಎಂದು ಕೇಳಿ, ಹತ್ತಿರ ಕುಳಿತು, ಬರುವ ಉತ್ತರವನ್ನು ಕೊನೆಯವರೆಗೆ ಕೇಳುವುದು ವಿವೇಕ. ಆ ಉತ್ತರವನ್ನು ಹೇಳಬಲ್ಲವರು ಎಂದೆಂದಿಗೂ ಮನೆಯಲ್ಲಿ ಇರುವುದಿಲ್ಲ.